ನೇರಳೆ ಭರಣಿಗೆ ನಾನು ಹಾಕಿದ ಗಂಟು

ಮೂವತ್ತೊಂದು ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿ ನಿವೃತ್ತನಾದ ಮನುಷ್ಯನಿಗೆ ಎರಡು ಭ್ರಮೆಗಳು ಉಳಿದುಬಿಡುತ್ತವೆ. ತನಗೆ ಎಲ್ಲವೂ ಗೊತ್ತಿದೆ ಎನ್ನುವುದು ಒಂದು. ಅದನ್ನು ಕೇಳಲು ಊರೆಲ್ಲ ಕಾಯುತ್ತಿದೆ ಎನ್ನುವುದು ಇನ್ನೊಂದು. ಎರಡನೆಯದನ್ನು ಬಿಡಿಸಲು ನನ್ನ ಹೆಂಡತಿ ಸುಮತಿ ಮದುವೆಯಾದ ವರ್ಷವೇ ಪ್ರಯತ್ನಿಸಿ ಕೈಚೆಲ್ಲಿದ್ದಾಳೆ. ಮೊದಲನೆಯದು ಮಾತ್ರ ಕಳೆದ ಜೂನ್ ತಿಂಗಳಿನವರೆಗೂ ನನ್ನಲ್ಲಿ ಒಂದು ಸೀಳೂ ಬೀಳದೆ ಗಟ್ಟಿಯಾಗಿತ್ತು.

ಜೂನ್ ಮೊದಲ ವಾರ ವಲೇರಿಯನ್ ಮೂಡುಬಿದಿರೆಯ ನಮ್ಮ ಮನೆಗೆ ಬಂದ. ನನ್ನ ಹಳೆಯ ವಿದ್ಯಾರ್ಥಿ. ಉಜಿರೆಯಲ್ಲಿ ಓದಿ, ಎಲ್ಲೆಲ್ಲೋ ಹಣ್ಣಿನ ರಸದ ಕಾರ್ಖಾನೆಗಳಲ್ಲಿ ದುಡಿದು, ಈಗ ವೇಣೂರಿನಿಂದ ಒಳಗೆ ಬೆಳ್ತಂಗಡಿ ಕಡೆಗಿರುವ ತನ್ನ ಮನೆಯಲ್ಲೇ ಸರಕಾರದ ಪರವಾನಗಿ ಪಡೆದು ಹಣ್ಣಿನ ವೈನ್ ಮಾಡುತ್ತಿದ್ದಾನಂತೆ. ಕೆಲಸದವರು ಯಾರೂ ಇಲ್ಲ. ಅವನು, ತಾಯಿ, ತಂಗಿ, ಮೂವರೇ. "ನಿಮ್ಮ ಪಾಠದಿಂದಲೇ ಶುರುವಾದದ್ದು ಸರ್. ಒಮ್ಮೆ ಮೇಡಮನ್ನೂ ಕರ್ಕೊಂಡು ಬನ್ನಿ," ಎಂದು ಕರೆದು ಹೋದ.

ನಾನು ಚಹಾ ಬಿಟ್ಟರೆ ಬೇರೆ ಏನನ್ನೂ ಕುಡಿದವನಲ್ಲ. ಆದರೆ 'ನಿಮ್ಮ ಪಾಠದಿಂದಲೇ' ಎಂಬ ಮಾತು ತಲೆಗೆ ಏರಿದಷ್ಟು ಯಾವ ವೈನೂ ಏರಲಾರದು! ನನ್ನ ಕಲ್ಪನೆಯಲ್ಲಿ ಅಲ್ಲೊಂದು ಸಣ್ಣ ಸಮಾರಂಭ, ಒಂದು ಶಾಲು, ನನ್ನದೊಂದು ನಾಲ್ಕು ಮಾತು ಎಲ್ಲ ಸಿದ್ಧವಾಗಿಬಿಟ್ಟವು. ಭಾನುವಾರ ಬೆಳಿಗ್ಗೆ ಇಸ್ತ್ರಿ ಮಾಡಿದ ಬಿಳಿ ಪಂಚೆ, ಬಿಳಿ ಅಂಗಿ ತೊಟ್ಟು ಹೊರಟೆ. ಮಳೆಗಾಲದಲ್ಲಿ ಹಣ್ಣು ಅರೆಯುವ ಜಾಗಕ್ಕೆ ಬಿಳಿ ಪಂಚೆ ಯಾಕೆ, ಆ ಹಳೆಯ ಕಪ್ಪು ಪ್ಯಾಂಟು ಹಾಕಿಕೊಳ್ಳಿ ಎಂದು ಸುಮತಿ ಹೇಳಿದಳು. ಗೌರವ ಸ್ವೀಕರಿಸುವ ಸಂದರ್ಭಕ್ಕೆ ಬಿಳಿಯೇ ಶೋಭೆ ಎಂದು ನಾನು ತೀರ್ಪು ಕೊಟ್ಟೆ.

ಮೊದಲ ಪೆಟ್ಟು ವೇಣೂರಿನಲ್ಲಿ ಬಿತ್ತು. ವಲೇರಿಯನ್ ದಾರಿ ಹೇಳಿದ್ದ, ನಾನು ಬರೆದುಕೊಂಡಿರಲಿಲ್ಲ. ನನಗೆ ನೆನಪಿರುತ್ತದಲ್ಲ! ಅಲ್ಲಿಗೆ ಬಂದಾಗ ಎಡವೋ ಬಲವೋ ಮರೆತೇ ಹೋಗಿತ್ತು. ಯಾರನ್ನಾದರೂ ಕೇಳೋಣವೆಂದರೆ ಅಲ್ಲಿ ನಿಂತವರಲ್ಲಿ ಅರ್ಧ ಜನ ನನ್ನ ಕೈಯಲ್ಲೇ ಪೆಟ್ಟು ತಿಂದವರಿರಬಹುದು. ಬೆಳಿಗ್ಗೆ ಹತ್ತು ಗಂಟೆಗೆ ನಿವೃತ್ತ ಮೇಷ್ಟ್ರು ವೈನ್ ಎಲ್ಲಿ ಸಿಗುತ್ತದೆಂದು ಕೇಳುವುದುಂಟೇ? ಆದ್ದರಿಂದ ಗೂಡಂಗಡಿಯವನ ಹತ್ತಿರ ಅತ್ಯಂತ ಗಂಭೀರವಾಗಿ, ಇಲ್ಲಿ ಸಮೀಪದಲ್ಲಿ ಹಣ್ಣು ಸಂಸ್ಕರಣಾ ಘಟಕ ಯಾವ ಕಡೆ ಬರುತ್ತದೆ ಎಂದು ವಿಚಾರಿಸಿದೆ. ಅವನು ಅಷ್ಟೇ ಗಂಭೀರವಾಗಿ ಬಲಕ್ಕೆ ಕೈ ತೋರಿಸಿದ.

ಆರು ಕಿಲೋಮೀಟರು ಹೋದ ಮೇಲೆ ಆ ದಾರಿ ಒಂದು ಅಂಗಳದಲ್ಲಿ ಮುಗಿಯಿತು. ಅಲ್ಲಿ ಗಂಡ ಹೆಂಡತಿ ಇಬ್ಬರು ಬಾಳೆಹಣ್ಣು ಸೀಳಿ ಒಣಗಿಸುವ ಗೂಡಿಗೆ ಜೋಡಿಸುತ್ತಿದ್ದರು. ಪಾಪ, ನಮ್ಮನ್ನು ಗಿರಾಕಿಗಳೆಂದುಕೊಂಡು ಕೂರಿಸಿ ಒಣ ಬಾಳೆಹಣ್ಣು ತಿನ್ನಿಸಿದರು. ನಾನು ಇನ್ನೂ ಯಾವ ಮಾತಿನಿಂದ ಹೊರಬೀಳಲಿ ಎಂದು ಹುಡುಕುತ್ತಿರುವಾಗ ಸುಮತಿ ಬಾಯಿ ಒರೆಸಿಕೊಂಡು, "ವೈನ್ ಮಾಡುವ ವಲೇರಿಯನ್ನನ ಮನೆ ಎಲ್ಲಿ ಬರ್ತದೆ?" ಎಂದು ನೇರವಾಗಿ ಕೇಳಿದಳು. ನೀವು ಬಂದ ದಾರಿಯಲ್ಲೇ ಹಿಂದೆ ಹೋಗಿ, ವೇಣೂರು ದಾಟಿ, ಮೋರಿ ಸಿಕ್ಕಿದ ಕೂಡಲೇ ಎಡಕ್ಕೆ ಎಂದು ಆ ಮನುಷ್ಯ ಹೇಳಿದ. ಆಮೇಲೆ ನನ್ನ ಮುಖ ನೋಡಿ, "ನಮ್ಮ ಸೈನ್ಸ್ ಸರ್ ಅಲ್ವಾ? ನಾನು ಬಿ ಸೆಕ್ಷನ್," ಎಂದ. ಕಾರಿನಲ್ಲಿ ಸುಮತಿ ಹೆಚ್ಚೇನೂ ಹೇಳಲಿಲ್ಲ. ಕೇಳಲು ನಿಮಗೆ ಬಾಯಿ ಬರುವುದಿಲ್ಲ, ಹೇಳಲು ಮಾತ್ರ ಬರುತ್ತದೆ ಎಂದಳು, ಅಷ್ಟೇ.

ವಲೇರಿಯನ್ನನ ವೈನರಿ ಎಂದರೆ ಹಿಂದೆ ಹಟ್ಟಿಯಾಗಿದ್ದ ಒಂದು ಉದ್ದನೆಯ ಹಂಚಿನ ಕೋಣೆ. ದನಗಳಿದ್ದ ಜಾಗದಲ್ಲಿ ಈಗ ನೆಲಕ್ಕೆ ಟೈಲ್ಸು, ಗೋಡೆಗೆ ಸುಣ್ಣ. ಗೋಡೆಯಲ್ಲಿ ಏಸುವಿನ ಪಟ, ಅದರ ಪಕ್ಕದಲ್ಲೇ ಅಷ್ಟೇ ಚೆಂದದ ಚೌಕಟ್ಟಿನಲ್ಲಿ ಸರಕಾರದ ಪರವಾನಗಿ ಪತ್ರ. ಎರಡಕ್ಕೂ ಸೇರಿ ಒಂದೇ ಕೆಂಪು ದೀಪ. ಒಂದು ಬದಿಗೆ ಸ್ಟೀಲಿನ ಡ್ರಮ್ಮುಗಳಲ್ಲಿ ಗೇರುಹಣ್ಣು, ಹಲಸು, ಪುನರ್ಪುಳಿ. ಇನ್ನೊಂದು ಬದಿಗೆ ಬೆಂಚಿನ ಮೇಲೆ ಒಂದೇ ಒಂದು ದೊಡ್ಡ ಗಾಜಿನ ಭರಣಿ. ಅದರ ಕುತ್ತಿಗೆಗೆ ಮಲ್ಲಿಗೆಯ ಮಾಲೆ, ಹೊಟ್ಟೆಯ ಮೇಲೆ ಅಂಟಿಸಿದ ಚೀಟಿಯಲ್ಲಿ 'ಲವೀನಾ' ಎಂಬ ಹೆಸರು.

ಲವೀನಾ ವಲೇರಿಯನ್ನನ ತಂಗಿ. ಅವಳು ಹುಟ್ಟಿದ ವರ್ಷ ಅವರ ಅಪ್ಪ ಗೇಟಿನ ಬಳಿ ಒಂದು ನೇರಳೆ ಗಿಡ ನೆಟ್ಟಿದ್ದರಂತೆ. ಅಪ್ಪ ತೀರಿಕೊಂಡು ನಾಲ್ಕು ವರ್ಷವಾಯಿತು. ಜನವರಿಯಲ್ಲಿ ಲವೀನಾಳ ಮದುವೆ. ಅವರಲ್ಲಿ ಮದುವೆಯ ಹಾಲ್‌ನಲ್ಲಿ ಎಲ್ಲರೂ ಗ್ಲಾಸು ಎತ್ತಿ ಹೊಸ ಜೋಡಿಗೆ ಟೋಸ್ಟ್ ಹೇಳುವ ಕ್ರಮವುಂಟು. ಆ ಗ್ಲಾಸುಗಳಿಗೆ ಅಪ್ಪನ ಮರದ ನೇರಳೆಯ ವೈನೇ ಆಗಬೇಕೆಂದು ಮನೆಯವರ ಆಸೆ. ಈ ವರ್ಷ ಮರವೂ ಮನಸ್ಸು ಮಾಡಿ ಕೊಂಬೆ ಬಗ್ಗುವಷ್ಟು ಹಣ್ಣು ಬಿಟ್ಟಿತ್ತು. ಮಳೆ ಹಿಡಿಯುವ ಮೊದಲು ಒಂದೊಂದನ್ನೇ ಹೆಕ್ಕಿ ಹಾಕಿದ್ದೇವೆ, ಅಪ್ಪ ಮದುವೆಗೆ ಬಂದ ಹಾಗೆ ಆಗ್ತದೆ ಎಂದು ಲವೀನಾ ಹೇಳಿದಳು. ಅದನ್ನು ಹೇಳುವಾಗ ಅವಳು ಭರಣಿಯ ಮೇಲೆ ಕೈ ಇಟ್ಟುಕೊಂಡಿದ್ದಳು.

ಆಮೇಲೆ ರುಚಿ ನೋಡುವ ಕಾರ್ಯಕ್ರಮ. ಹಳೆಯ ವಿದ್ಯಾರ್ಥಿಯ ದಾಕ್ಷಿಣ್ಯಕ್ಕೆ ಒಂದು ಗುಟುಕು ಎಂದು ನಾನು ಒಪ್ಪಿದೆ. ವಲೇರಿಯನ್ ಪುನರ್ಪುಳಿಯ ವೈನನ್ನು ಪುಟ್ಟ ಗ್ಲಾಸಿಗೆ ಹಾಕಿ ಕೊಟ್ಟ. ಬಾಲ್ಯದಲ್ಲಿ ಕಷಾಯ ಕುಡಿದ ಅಭ್ಯಾಸಬಲದಿಂದ ನಾನು ಮೂಗು ಹಿಡಿದು, ಕಣ್ಣು ಮುಚ್ಚಿ, ಒಂದೇ ಏಟಿಗೆ ಗಂಟಲಿಗೆ ಸುರಿದುಕೊಂಡೆ. ಕಣ್ಣು ಬಿಟ್ಟಾಗ ಇಡೀ ಕುಟುಂಬ ನನ್ನನ್ನೇ ನೋಡುತ್ತಿತ್ತು. ಸುಮತಿಯಾದರೋ ತುಟಿಗೆ ತಾಗಿಸಿ, ಸ್ವಲ್ಪ ಯೋಚಿಸಿ, ಕೊನೆಗೆ ಒಗರು ಬರುತ್ತದಲ್ಲ, ಸಿಪ್ಪೆಯನ್ನು ರಸದಲ್ಲಿ ಎಷ್ಟು ದಿನ ಬಿಡುತ್ತೀರಿ ಎಂದು ಕೇಳಿದಳು. ವಲೇರಿಯನ್ ಅಲ್ಲಿಂದ ಮುಂದೆ ಎಲ್ಲ ವಿವರಣೆಯನ್ನೂ ಅವಳಿಗೇ ಕೊಡತೊಡಗಿದ.

ನನ್ನನ್ನು ಸಮಾಧಾನಪಡಿಸಲೆಂದೋ ಏನೋ ಅವನು ಹಳೆಯ ಸುದ್ದಿ ತೆಗೆದ. "ಸರ್ ನಂಗೆ ಒಂಬತ್ತನೇ ಕ್ಲಾಸಿನಲ್ಲಿ ನೂರು ಸಲ ಬರೆಸಿದ್ರು ಮೇಡಂ. ಸಕ್ಕರೆ ಹುದುಗಿದಾಗ ಆಲ್ಕೋಹಾಲ್ ಮತ್ತು ಕಾರ್ಬನ್ ಡೈ ಆಕ್ಸೈಡ್ ಉಂಟಾಗುತ್ತವೆ ಅಂತ. ನಾನು ಪರೀಕ್ಷೆಯಲ್ಲಿ ಕಾರ್ಬನ್ ಡೈ ಆಕ್ಸೈಡ್ ಬಿಟ್ಟಿದ್ದೆ. ಇವತ್ತಿಗೂ ಮರೆಯಲಿಲ್ಲ ನೋಡಿ." ನನಗೆ ಆ ಘಟನೆ ನೆನಪೇ ಇರಲಿಲ್ಲ. ಆದರೂ ಸುಮತಿಯ ಕಡೆಗೆ ಹೆಮ್ಮೆಯಿಂದ ನೋಡಿದೆ. ಶಾಲಿನ ಬದಲು ಇಷ್ಟಾದರೂ ಸಿಕ್ಕಿತಲ್ಲ!

ಅಷ್ಟರಲ್ಲಿ ಖಾಲಿ ಬಾಟ್ಲಿಗಳ ವ್ಯಾನು ಬಂತೆಂದು ವಲೇರಿಯನ್ ಅಂಗಳಕ್ಕೆ ಹೋದ. ಲವೀನಾ ಮದುವೆಯ ಸೀರೆ ತೋರಿಸುತ್ತೇನೆಂದು ಸುಮತಿಯನ್ನು ಒಳಗೆ ಕರೆದೊಯ್ದಳು. ಆ ಕೋಣೆಯಲ್ಲಿ ನಾನೊಬ್ಬನೇ ಉಳಿದೆ. ನಿವೃತ್ತ ಶಿಕ್ಷಕನನ್ನು ಒಂದು ಪ್ರಯೋಗಶಾಲೆಯಲ್ಲಿ ಒಂಟಿಯಾಗಿ ಬಿಟ್ಟು ಹೋಗುವಷ್ಟು ಅಪಾಯಕಾರಿ ಕೆಲಸ ಲೋಕದಲ್ಲಿ ಬೇರೆ ಇಲ್ಲ.

ಕೈ ಹಿಂದೆ ಕಟ್ಟಿಕೊಂಡು ತಪಾಸಣೆ ನಡೆಸಿದೆ. ಲವೀನಾಳ ಭರಣಿಯ ಮುಂದೆ ಬಂದಾಗ ನನ್ನ ಜೀವ ಕಸಿವಿಸಿಗೊಂಡಿತು. ಅದರ ಬಾಯಿಗೆ ಹಾಕಿದ್ದ ಬೆಂಡಿನ ಬಿರಡೆಯ ನಡುವೆ ಒಂದು ತೂತು. ತೂತಿನಿಂದ ಒಂದು ಸಣ್ಣ ರಬ್ಬರು ಕೊಳವೆ ಹೊರಗೆ ಬಂದು ಪಕ್ಕದ ನೀರಿನ ಬಾಟ್ಲಿಯಲ್ಲಿ ಮುಳುಗಿತ್ತು. ಬಾಟ್ಲಿಯಲ್ಲಿ ಗುಳುಕ್ ಗುಳುಕ್ ಎಂದು ಗುಳ್ಳೆ ಏಳುತ್ತಿತ್ತು. ಸುತ್ತಲೂ ನುಸಿ ಹಾರುತ್ತಿತ್ತು. ಇಷ್ಟು ಅಮೂಲ್ಯವಾದ ವಸ್ತುವಿಗೆ ಇಷ್ಟು ಅಸಡ್ಡೆಯೇ?

ಇಲ್ಲಿ ನಮ್ಮ ಮನೆಯ ಒಂದು ಸಂಪ್ರದಾಯವನ್ನು ಹೇಳಲೇಬೇಕು. ಉಪ್ಪಿನಲ್ಲಿ ಹಾಕಿದ ಮಾವಿನಕಾಯಿ, ಉಪ್ಪಿನಲ್ಲಿ ಹಾಕಿದ ಹಲಸಿನ ಸೊಳೆ, ಇವುಗಳ ಭರಣಿಗೆ ಗಾಳಿ ಸೋಕಬಾರದು. ಬಾಯಿಗೆ ಬಟ್ಟೆ ಇಟ್ಟು, ಮುಚ್ಚಳ ಒತ್ತಿ, ಹುರಿಹಗ್ಗದಿಂದ ಬಿಗಿಯಬೇಕು. ಎರಡು ಸುತ್ತು ಹಾಕಿ, ಅಡ್ಡಕ್ಕೆ ಎಳೆದು, ಬಾಲವನ್ನು ಒಳಗೆ ತೂರಿಸುವ ಆ ಗಂಟನ್ನು ನನ್ನ ಅಮ್ಮ ನನಗೆ ಕಲಿಸಿಕೊಟ್ಟಿದ್ದರು. ಅಡುಗೆಮನೆಯಲ್ಲಿ ಸುಮತಿ ನನಗೆ ವಹಿಸಿರುವ ಏಕೈಕ ಜವಾಬ್ದಾರಿ ಆ ಗಂಟು. ನಾನು ಕಟ್ಟಿದ ಭರಣಿ ಮಳೆಗಾಲ ಕಳೆದರೂ ಕೆಟ್ಟದ್ದಿಲ್ಲ.

ಬೆಂಚಿನ ಕೆಳಗೆ ತೂತಿಲ್ಲದ ಒಂದು ಬೆಂಡು ಸಿಕ್ಕಿತು. ಕಿಟಕಿಯ ಬಳಿ ಹುರಿಹಗ್ಗವೂ ಇತ್ತು. ಮಗಳ ಮದುವೆಗೆ ತಂದೆ ಬರುವ ಹಾಗೆ ಎಂದ ಆ ಹುಡುಗಿಯ ಮಾತು ನಿಜವಾಗಿಯೂ ನನ್ನ ಮನಸ್ಸಿಗೆ ನಾಟಿತ್ತು. ಅದಕ್ಕೇ ಹೆಚ್ಚು ಕಾಳಜಿಯಿಂದ ಕೊಳವೆ ಕಿತ್ತು ಬದಿಗಿಟ್ಟೆ, ಬೆಂಡನ್ನು ಅಂಗೈಯಿಂದ ಬಡಿದು ಕೂರಿಸಿದೆ, ಕರವಸ್ತ್ರ ಮಡಚಿ ಮೇಲಿಟ್ಟು ಅಮ್ಮನ ಗಂಟು ಹಾಕಿದೆ. ಒಂದಲ್ಲ, ಮೂರು. ಮಲ್ಲಿಗೆ ಮಾಲೆಯನ್ನು ಮೊದಲಿನ ಹಾಗೇ ಸರಿಪಡಿಸಿದೆ. ಗುಳುಕ್ ಸದ್ದು ನಿಂತಿತು. ಕೋಣೆ ಶಾಂತವಾಯಿತು. ಪರೋಪಕಾರ ಮಾಡಿದವನಿಗೆ ಬರುವ ಹಸಿವು ನನಗೂ ಬಂತು.

ಊಟಕ್ಕೆ ವಲೇರಿಯನ್ನನ ತಾಯಿ ಜೆಸಿಂತಾ ಬಾಯಿ ನಮಗೆಂದೇ ಬೇರೆ ಪಾತ್ರೆಗಳಲ್ಲಿ ಹೆಸರುಕಾಳಿನ ಗಸಿ, ಹೀರೆಕಾಯಿ ಪಲ್ಯ, ಪಾಯಸ ಮಾಡಿದ್ದರು. ಬಡಿಸುತ್ತಾ ಅವರೂ ಆ ನೂರು ಸಲದ ಸುದ್ದಿ ತೆಗೆದರು. ಅವರ ದನಿಯಲ್ಲಿ ದೂರೇನೂ ಇರಲಿಲ್ಲ, ಹಳೆಯ ನೆನಪನ್ನು ಹೇಳಿಕೊಳ್ಳುವ ಖುಷಿಯಷ್ಟೇ ಇತ್ತು. ಆ ದಿನ ಶಾಲೆ ಬಿಟ್ಟ ಮೇಲೆ ಬರೆದು ಮುಗಿಸುವಷ್ಟರಲ್ಲಿ ಈ ಕಡೆಗಿದ್ದ ಒಂದೇ ಬಸ್ಸು ಹೋಗಿಬಿಟ್ಟಿತ್ತಂತೆ. ಹುಡುಗ ಮಳೆಯಲ್ಲಿ ನಡೆದುಕೊಂಡೇ ಬಂದನಂತೆ. ಅವನ ಅಪ್ಪ ಕೊಡೆ ಹಿಡಿದುಕೊಂಡು ಹುಡುಕುತ್ತಾ ಹೋಗಿ ಅರ್ಧ ದಾರಿಯಲ್ಲಿ ಹೆಗಲ ಮೇಲೆ ಕೂರಿಸಿಕೊಂಡು ತಂದರಂತೆ.

"ಪುಸ್ತಕ ಮಾತ್ರ ಒದ್ದೆ ಆಗ್ಲಿಲ್ಲ ಸರ್. ಅಂಗಿಯೊಳಗೆ ಇಟ್ಟುಕೊಂಡಿದ್ದ. ನಿಮಗೆ ತೋರಿಸ್ಲಿಕ್ಕೆ ಉಂಟಲ್ಲ," ಎಂದರು.

ಕೈಯಲ್ಲಿದ್ದ ತುತ್ತನ್ನು ತಟ್ಟೆಗೇ ಇಳಿಸಿದೆ. ನಾನು ಆ ಪುಸ್ತಕ ನೋಡಿದ್ದೆನೇ? ನಿನಗೆ ಬಸ್ಸು ಎಷ್ಟು ಗಂಟೆಗೆ ಎಂದು ಆ ಹುಡುಗನನ್ನು ಒಂದು ಮಾತು ಕೇಳಿದ್ದೆನೇ? ಎಷ್ಟು ಜನರಿಗೆ ಹೀಗೆ ಬರೆಸಿದ್ದೇನೆ, ಅವರೆಲ್ಲ ಹೇಗೆ ಮನೆ ಮುಟ್ಟಿದರು? ಏನಾದರೂ ಹೇಳಬೇಕೆಂದು ಬಾಯಿ ತೆರೆದೆ. ಆದರೆ ಆ ಕ್ಷಣದಲ್ಲಿ ಹಟ್ಟಿಯ ಕಡೆಯಿಂದ ಕೇಳಿದ ಸದ್ದಿನ ಮುಂದೆ ನನ್ನ ಮಾತು ಏನೂ ಅಲ್ಲ.

ಢಮಾರ್!

ಮರದ ಮೇಲಿನ ಕಾಗೆಗಳೆಲ್ಲ ಎದ್ದವು. ವಲೇರಿಯನ್ ಎಂಜಲು ಕೈಯಲ್ಲೇ ಓಡಿದ. ಅವನ ಹಿಂದೆ ಲವೀನಾ, ಸುಮತಿ, ಜೆಸಿಂತಾ ಬಾಯಿ. ಎಲ್ಲರ ಹಿಂದೆ ಪಂಚೆ ಎತ್ತಿಕಟ್ಟಿಕೊಂಡು ನಾನು. ಕೋಣೆಯ ಹಂಚಿನ ಮಾಡಿನಿಂದ ನೇರಳೆ ರಸ ತೊಟ್ಟಿಕ್ಕುತ್ತಿತ್ತು. ಪರವಾನಗಿ ಪತ್ರದ ಗಾಜಿನ ಮೇಲೆ ಅದು ಇಳಿದು ಬರುತ್ತಿತ್ತು. ಭರಣಿಯ ಕುತ್ತಿಗೆ ಇರಲೇ ಇಲ್ಲ, ಹೊಟ್ಟೆ ಮೂರು ಹೋಳು. ಸಹಾಯ ಮಾಡಲೆಂದು ಮುನ್ನುಗ್ಗಿದ ನಾನು ಹೊಸ ಟೈಲ್ಸಿನ ಮೇಲೆ ಜಾರಿ ಆ ವರ್ಷದ ಅಷ್ಟೂ ನೇರಳೆಯ ನಡುವೆ ದೊಪ್ಪನೆ ಕುಳಿತುಬಿಟ್ಟೆ. ಗಾಜಿನ ಮೇಲೆ ಕೂರಲಿಲ್ಲ ಎನ್ನುವುದೊಂದೇ ಆ ದಿನ ನಾನು ಸರಿಯಾಗಿ ಮಾಡಿದ ಕೆಲಸ.

ಲವೀನಾ ಅಳಲಿಲ್ಲ. ನೆಲದಲ್ಲಿ ಬಿದ್ದಿದ್ದ, ತನ್ನ ಹೆಸರಿದ್ದ ಚೀಟಿಯನ್ನು ಹೆಕ್ಕಿ ಸೀರೆಗೆ ಒರೆಸಿಕೊಂಡಳು. ಅದನ್ನು ನೋಡುವುದಕ್ಕಿಂತ ಅವಳು ಅತ್ತಿದ್ದರೆ ಒಳ್ಳೆಯದಿತ್ತು. ಗಾಜಿನ ಚೂರು ಬಿದ್ದ ಮೇಲೆ ಒಂದು ಹನಿಯನ್ನೂ ಉಳಿಸಿಕೊಳ್ಳುವ ಹಾಗಿಲ್ಲ. ವಲೇರಿಯನ್ ಬೆಂಚಿನ ಮೇಲಿದ್ದ ಕೊಳವೆಯನ್ನು ನೋಡಿದ, ನನ್ನನ್ನು ನೋಡಿದ, ಆಮೇಲೆ ತಾಯಿಯ ಕಡೆಗೆ ತಿರುಗಿ, ಕೊಳವೆ ಕಟ್ಟಿಕೊಂಡಿರಬೇಕು, ತಾನೇ ಬೆಳಿಗ್ಗೆ ಸರಿಯಾಗಿ ನೋಡಲಿಲ್ಲ ಎಂದ.

ನಾನು ಸುಮ್ಮನಿದ್ದೆ. ಬರೆಯಲು ನಾಚಿಕೆಯಾಗುತ್ತದೆ, ಆದರೂ ಬರೆಯುತ್ತೇನೆ: ನೇರಳೆ ರಸದಲ್ಲಿ ಕುಳಿತುಕೊಂಡು ನಾನು ಸುಮ್ಮನಿದ್ದೆ. ಮೇಷ್ಟ್ರ ಮರ್ಯಾದೆ ಉಳಿಯಿತೆಂದು ಒಳಗೊಳಗೇ ಒಂದು ನೆಮ್ಮದಿಯೂ ಆಯಿತು.

ಆಗ ಸುಮತಿ ಬಗ್ಗಿ ಮೂಲೆಯಿಂದ ಏನನ್ನೋ ಎತ್ತಿಕೊಂಡಳು. ಭರಣಿಯ ಕುತ್ತಿಗೆಯ ತುಂಡು. ಅದರ ಬಾಯಿಯಲ್ಲಿ ಬೆಂಡು ಹಾಗೇ ಇತ್ತು. ಕರವಸ್ತ್ರ ಹಾಗೇ ಇತ್ತು. ಅಮ್ಮನ ಗಂಟು, ಮೂರಕ್ಕೆ ಮೂರೂ, ಒಂದು ಎಳೆಯೂ ಸಡಿಲವಾಗದೆ ಹಾಗೇ ಇದ್ದವು! ಗಾಜು ಒಡೆದಿತ್ತು, ಗಂಟು ಬಿಚ್ಚಿರಲಿಲ್ಲ. ಆ ಗಂಟನ್ನು ನಮ್ಮ ಅಟ್ಟದ ಮೇಲೆ ಮೂವತ್ತು ವರ್ಷದಿಂದ ನೋಡುತ್ತಾ ಬಂದವಳು ಸುಮತಿ. ಅವಳು ಆ ತುಂಡನ್ನು ನನ್ನ ಮುಂದೆ ನೆಲದ ಮೇಲಿಟ್ಟು ಕಾದಳು.

"ಕಟ್ಟಿದ್ದು ನಾನು. ಒಳಗೆ ಗಾಳಿ ಹೋಗ್ತದೆ ಅಂತ ಕಟ್ಟಿದೆ," ಎಂದೆ. ಮೂವತ್ತೊಂದು ವರ್ಷ ಹಲಗೆಯ ಮೇಲೆ ನಾನೇ ಬರೆದ ಸಾಲಿನ ದ್ವಿತೀಯಾರ್ಧ ಆಗ ನೆನಪಾಯಿತು. ಆಲ್ಕೋಹಾಲ್ ಮತ್ತು ಕಾರ್ಬನ್ ಡೈ ಆಕ್ಸೈಡ್! ಆ ಕೊಳವೆಯಿಂದ ಗುಳುಕ್ ಎಂದು ಹೊರಗೆ ಹೋಗುತ್ತಿದ್ದ ಅನಿಲ ಅದೇ.

ವಲೇರಿಯನ್ ನಗಲಿಲ್ಲ. "ನಂಗೆ ಗೊತ್ತುಂಟು ಸರ್," ಎಂದ. ಬೆಂಚಿನ ಮೇಲಿದ್ದ ಕೊಳವೆಯನ್ನು ಕೈಗೆತ್ತಿಕೊಂಡು, "ನನ್ನನ್ನು ಒಂದು ಮಾತು ಕೇಳಬಹುದಿತ್ತು," ಎಂದ.

ಅಷ್ಟೇ ಅವನು ಹೇಳಿದ್ದು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ನಾನು ಕ್ಷಮೆ ಕೇಳಿದೆ, ಭರಣಿಯದ್ದಕ್ಕೂ, ಬಸ್ಸಿನದ್ದಕ್ಕೂ. ಎರಡನೆಯದಕ್ಕೆ ಅವನು ಸ್ವಲ್ಪ ಗಲಿಬಿಲಿಗೊಂಡು, ಅದೆಲ್ಲ ಹೋಗಲಿ ಸರ್, ಮೊದಲು ಏಳಿ ಎಂದು ಕೈಹಿಡಿದು ಎಬ್ಬಿಸಿದ.

ಪಂಚೆಯ ಕಥೆ ಮುಗಿದಿತ್ತು. ನೇರಳೆಯ ಕಲೆ ಯಾವ ಸಾಬೂನಿಗೂ ಬಗ್ಗುವುದಿಲ್ಲವೆಂದು ಪ್ರತ್ಯೇಕ ಹೇಳಬೇಕಾಗಿಲ್ಲ. ಗಿಳಿಗಳ ಚಿತ್ರವಿದ್ದ ವಲೇರಿಯನ್ನನ ಬರ್ಮುಡಾ ಚಡ್ಡಿ ತೊಟ್ಟು, ಮೈಯೆಲ್ಲ ವೈನಿನ ವಾಸನೆ ಹೊತ್ತು ಕಾರಿಗೆ ಹತ್ತಿದೆ. ಮೂಡುಬಿದಿರೆಯ ನಮ್ಮ ಗೇಟಿನ ಬಳಿ ಇಳಿಯುವಾಗ ದಿನಾ ಬೆಳಿಗ್ಗೆ ನನ್ನ ಜೊತೆ ವಾಕಿಂಗಿಗೆ ಬರುವ ನೆರೆಮನೆಯ ಭಟ್ಟರು ಹೂವು ಕೊಯ್ಯುತ್ತಿದ್ದರು. ನಾನು ನಮಸ್ಕಾರ ಎಂದೆ. ಅವರು ನಮಸ್ಕಾರ ಎನ್ನುವಷ್ಟರಲ್ಲಿ ಗಾಳಿ ಅವರ ಕಡೆಗೆ ಬೀಸಿತು. ಮರುದಿನದಿಂದ ಬೆಳಗಿನ ವಾಕಿಂಗಿಗೆ ನಾನೊಬ್ಬನೇ.

ಆದರೆ ಸುಮತಿ ಕಾರಿನಿಂದಲೇ ಕನ್ಯಾನದ ತನ್ನ ತಮ್ಮನಿಗೆ ಫೋನು ಮಾಡಿ ಮುಗಿಸಿದ್ದಳು. ಅವರ ಗುಡ್ಡದಲ್ಲಿ ನೇರಳೆ ತಡವಾಗಿ ಹಣ್ಣಾಗುತ್ತದೆ. ಮರುದಿನ ಮಳೆಯಲ್ಲೇ ಪಾಣೆಮಂಗಳೂರು ಸೇತುವೆ ದಾಟಿ ಹೋಗಿ ಎರಡು ಬುಟ್ಟಿ ಹಣ್ಣು ತಂದೆವು. ಅಲ್ಲಿಂದ ನೇರ ವಲೇರಿಯನ್ನನ ಮನೆಗೆ. ಅಪ್ಪನ ಮರದ ತುದಿಯ ಕೊಂಬೆಯಲ್ಲಿ ಇನ್ನೂ ಸ್ವಲ್ಪ ಉಳಿದಿದೆ ಎಂದು ಜೆಸಿಂತಾ ಬಾಯಿ ಹೇಳಿದರು. ವಲೇರಿಯನ್ ಹತ್ತಿ ಅಲ್ಲಾಡಿಸಿದ. ನಾನು ಕೆಳಗೆ ಬೆಡ್‌ಶೀಟು ಹಿಡಿದು ನಿಂತೆ, ಎಲ್ಲಿ ನಿಲ್ಲಬೇಕು, ಹೇಗೆ ಹಿಡಿಯಬೇಕು ಎಂದು ಲವೀನಾಳನ್ನು ಎರಡೆರಡು ಸಲ ಕೇಳಿಕೊಂಡು. ಒಂದು ತಂಬಿಗೆ ತುಂಬುವಷ್ಟು ಸಿಕ್ಕಿತು. ಕನ್ಯಾನದ ಹಣ್ಣಿಗೆ ಅದನ್ನು ಸೇರಿಸಿ ಹೊಸ ಭರಣಿಗೆ ಹಾಕಿದರು. ಹಾಕುವಾಗ ಮಾತ್ರ ನಾನು ಹೊರಗಿನ ಕಲ್ಲುಬೆಂಚಿನಲ್ಲಿ ಕುಳಿತಿದ್ದೆ. ಒಳಗೆ ಸೆಕೆ ಉಂಟು, ನೀವು ಇಲ್ಲೇ ಕೂತ್ಕೊಳ್ಳಿ ಸರ್ ಎಂದು ಜೆಸಿಂತಾ ಬಾಯಿ ಅತ್ಯಂತ ಮರ್ಯಾದೆಯಿಂದ ಹೇಳಿದ್ದರು. ಆಗ ಹೊರಗೆ ಮಳೆ ಸುರಿಯುತ್ತಿತ್ತು.

ಆ ವಾರ ಒಂದು ಹೊಸ ನೋಟ್‌ಪುಸ್ತಕ ತಂದೆ. ಯಾರೂ ಬರೆಯಲು ಹೇಳಿರಲಿಲ್ಲ. ಸಕ್ಕರೆ ಹುದುಗಿದಾಗ ಆಲ್ಕೋಹಾಲ್ ಮತ್ತು ಕಾರ್ಬನ್ ಡೈ ಆಕ್ಸೈಡ್ ಉಂಟಾಗುತ್ತವೆ. ನೂರು ಸಲ. ಇಪ್ಪತ್ತಕ್ಕೆ ಬೆರಳು ನೋಯಲು ಶುರುವಾಯಿತು. ಐವತ್ತಕ್ಕೆ ಅಕ್ಷರ ಓರೆಯಾಯಿತು. ಎಂಬತ್ತಕ್ಕೆ ಕಿಟಕಿಯ ಹೊರಗೆ ನೋಡಿದೆ, ಒಂದು ಬಸ್ಸು ಹೋಯಿತು. ಎರಡು ಗಂಟೆ ಹತ್ತು ನಿಮಿಷ ಹಿಡಿಯಿತು. ಹದಿನಾಲ್ಕು ವರ್ಷದ ಹುಡುಗನಿಗೆ ಎಷ್ಟು ಹಿಡಿದಿರಬಹುದು ಎಂದು ನನಗೆ ಗೊತ್ತಿಲ್ಲ.

ಜನವರಿಯಲ್ಲಿ ಲವೀನಾಳ ಮದುವೆಗೆ ಹೋದೆವು. ಎಲ್ಲರೂ ಗ್ಲಾಸು ಎತ್ತಿದಾಗ ನಾನೂ ಎತ್ತಿದೆ. ಮೂಗು ಹಿಡಿಯದೆ, ಸ್ವಲ್ಪ ಸ್ವಲ್ಪವಾಗಿ ಕುಡಿದೆ. ಚೆನ್ನಾಗಿತ್ತು. ಲವೀನಾ ಗ್ಲಾಸನ್ನು ಒಂದು ಗಳಿಗೆ ಎರಡೂ ಕೈಯಲ್ಲಿ ಹಿಡಿದುಕೊಂಡು ಆಮೇಲೆ ತುಟಿಗೆ ಇಟ್ಟಳು. ಅದರಲ್ಲಿ ಅಪ್ಪನ ಮರದ್ದು ಒಂದು ತಂಬಿಗೆಯಷ್ಟೇ ಇತ್ತೆಂದು ಅವಳಿಗೂ ಗೊತ್ತು, ನನಗೂ ಗೊತ್ತು.

ಊಟದ ನಂತರ ವಲೇರಿಯನ್ನನನ್ನು ಬದಿಗೆ ಕರೆದು ನೋಟ್‌ಪುಸ್ತಕ ಕೊಟ್ಟೆ. ತಡವಾಯಿತು, ಆದರೂ ನೋಡು ಎಂದೆ. ಅವನು ಮೊದಲ ಪುಟ ತೆರೆದ ಕೂಡಲೇ ಅರ್ಥಮಾಡಿಕೊಂಡ. ನಕ್ಕು ಮಡಚಿಡುತ್ತಾನೆಂದು ನಾನೆಣಿಸಿದ್ದೆ. ಇಲ್ಲ, ಕೋಟಿನ ಕಿಸೆಯಿಂದ ಪೆನ್ನು ತೆಗೆದು ಸಾಲು ಸಾಲಾಗಿ, ನಿಧಾನವಾಗಿ ಓದತೊಡಗಿದ. ನಾನು ಕೈಕಟ್ಟಿ ನಿಂತಿದ್ದೆ. ಎರಡನೆಯ ಪುಟದಲ್ಲಿ ಅವನ ಪೆನ್ನು ನಿಂತಿತು. ಮೂವತ್ತೇಳನೆಯ ಸಾಲು. ಸಕ್ಕರೆ ಹುದುಗಿದಾಗ ಆಲ್ಕೋಹಾಲ್ ಉಂಟಾಗುತ್ತದೆ. ಅಷ್ಟೇ!

ವಲೇರಿಯನ್ ಅದರ ಕೆಳಗೆ ಗೆರೆ ಎಳೆದು ಪೆನ್ನನ್ನು ನನ್ನ ಕೈಗೆ ಕೊಟ್ಟ. "ಇದೊಂದು ಸಾಲು ಇನ್ನೊಮ್ಮೆ ಬರೆಯಿರಿ ಸರ್. ಅವಸರ ಇಲ್ಲ. ತಡ ಆದ್ರೆ ನಾನೇ ಮನೆಗೆ ಬಿಟ್ಟು ಬರ್ತೇನೆ," ಎಂದ.

ಅಲ್ಲೇ ಊಟದ ಮೇಜಿನ ಮೂಲೆಯಲ್ಲಿ ಕುಳಿತು ಬರೆದೆ. ಸುಮತಿ ಹಿಂದೆ ನಿಂತು, ಪೂರ್ತಿ ಬರೆದೆನೋ ಇಲ್ಲವೋ ಎಂದು ನೋಡುತ್ತಿದ್ದಳು.